ಬೀರುವಿನಲ್ಲಿ ಉಳಿದ ಯಂತ್ರಗಳು

ಮನೆಯ ಹಿರಿಯರೊಬ್ಬರು ತೀರಿಕೊಂಡ ಮೇಲೆ ಅವರು ಬಳಸುತ್ತಿದ್ದ ವಸ್ತುಗಳನ್ನು ಏನು ಮಾಡಬೇಕೆಂಬುದನ್ನು ಸಂಪ್ರದಾಯವೇ ಹೇಳಿಕೊಡುತ್ತದೆ. ಪಂಚೆ ಶಾಲುಗಳು ಬೇಕಾದವರಿಗೆ ಸಲ್ಲುತ್ತವೆ. ಊರುಗೋಲು ನೆನಪಿಗಾಗಿ ಮೂಲೆಯಲ್ಲಿ ನಿಲ್ಲುತ್ತದೆ. ಆದರೆ ಅವರ ತಲೆದಿಂಬಿನ ಪಕ್ಕದಲ್ಲಿದ್ದ ರಕ್ತದೊತ್ತಡದ ಯಂತ್ರ, ಸಕ್ಕರೆ ನೋಡುವ ಗ್ಲುಕೋಮೀಟರು, ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರು ಇವುಗಳ ವಿಷಯದಲ್ಲಿ ಸಂಪ್ರದಾಯಕ್ಕೂ ಮಾತಿಲ್ಲ. ಎಸೆಯಲು ಮನಸ್ಸು ಬಾರದು, ಇಟ್ಟುಕೊಂಡರೆ ಉಪಯೋಗವಿಲ್ಲ. ಹೀಗಾಗಿ ಅವು ಬೀರುವಿನ ಮೇಲರೆಯನ್ನು ಸೇರಿ, ವರ್ಷಗಳ ಕಾಲ ಅಲ್ಲಿಯೇ ಉಳಿದುಬಿಡುತ್ತವೆ.

ಇಂಥ ಉಪಕರಣಗಳು ಒಂದು ಕಾಲಕ್ಕೆ ವೈದ್ಯರ ಕೈಚೀಲದ ಸ್ವತ್ತಾಗಿದ್ದವು. ಇಟಲಿಯ ವೈದ್ಯ ರೀವಾ-ರೋಚ್ಚಿ 1896ರಲ್ಲಿ ತೋಳಿಗೆ ಪಟ್ಟಿ ಸುತ್ತಿ ಒತ್ತಡವನ್ನು ಅಳೆಯುವ ಪಾದರಸದ ಯಂತ್ರವನ್ನು ಪ್ರಕಟಿಸಿದನು. 1905ರಲ್ಲಿ ರಷ್ಯದ ಶಸ್ತ್ರವೈದ್ಯ ಕೊರೊಟ್ಕಾಫ್, ನಾಡಿಯ ಸದ್ದನ್ನು ಸ್ಟೆತಾಸ್ಕೋಪಿನಿಂದ ಆಲಿಸುವ ವಿಧಾನವನ್ನು ಅದಕ್ಕೆ ಜೋಡಿಸಿದನು. ಅನಂತರ ಬ್ಯಾಟರಿಯ ಯಂತ್ರಗಳು ಬಂದು, ಅಳೆಯುವ ಕೆಲಸ ಮನೆಯವರ ಕೈಗೇ ದೊರೆಯಿತು. 2020 ಮತ್ತು 2021ರ ಕೋವಿಡ್ ದಿನಗಳಲ್ಲಂತೂ ಆಕ್ಸಿಮೀಟರನ್ನು ಕೊಳ್ಳದ ಮಧ್ಯಮವರ್ಗದ ಮನೆ ನಗರಗಳಲ್ಲಿ ವಿರಳವಾಯಿತು.

ಕೊಡಬಹುದಾದದ್ದು

ಬೀರುವಿನಲ್ಲಿರುವ ಯಂತ್ರವನ್ನು ಬಡರೋಗಿಯೊಬ್ಬರಿಗೆ ಕೊಡಬೇಕೆಂಬ ಆಲೋಚನೆ ಸಹಜವೂ ಸಾಧುವೂ ಆದುದು. ಆದರೆ ಹಳೆಯ ಶಾಲನ್ನು ಕೊಡುವುದಕ್ಕೂ ಹಳೆಯ ಅಳತೆಯ ಯಂತ್ರವನ್ನು ಕೊಡುವುದಕ್ಕೂ ಒಂದು ವ್ಯತ್ಯಾಸವಿದೆ. ಹರಿದ ಶಾಲು ತನ್ನ ಹರಕನ್ನು ತಾನೇ ತೋರಿಸುತ್ತದೆ. ಕೆಟ್ಟ ಯಂತ್ರವಾದರೋ ಸರಿಯಾದ ಯಂತ್ರದಷ್ಟೇ ಧೈರ್ಯದಿಂದ ತಪ್ಪು ಅಂಕಿಯನ್ನು ತೋರಿಸುತ್ತದೆ. ಏರಿದ ಒತ್ತಡವನ್ನು ಅದು ಸಹಜವೆಂದು ತೋರಿಸಿದರೆ, ಅದನ್ನು ನಂಬಿದ ರೋಗಿ ಗುಳಿಗೆಯನ್ನೇ ನಿಲ್ಲಿಸಿಬಿಡಬಹುದು.

ಆದುದರಿಂದ ರಕ್ತದೊತ್ತಡದ ಯಂತ್ರವನ್ನು ದಾನಮಾಡುವ ಮೊದಲು ಒಮ್ಮೆ ಪರಿಚಿತ ವೈದ್ಯರಲ್ಲಿಗೆ ಒಯ್ದು, ಅವರ ಯಂತ್ರದೊಡನೆ ಹೋಲಿಸಿ ನೋಡುವುದು ಅವಶ್ಯ. ತೋಳಿಗೆ ಸುತ್ತುವ ಪಟ್ಟಿ ಸಡಿಲಿದ್ದರೆ, ಗಾಳಿ ಸೋರುತ್ತಿದ್ದರೆ, ಹೊಸ ಪಟ್ಟಿಯನ್ನು ಹಾಕಿಸಬೇಕು. ಪಡೆಯುವವರ ತೋಳಿನ ಗಾತ್ರಕ್ಕೂ ಅದು ಹೊಂದಬೇಕು. ದಪ್ಪ ತೋಳಿಗೆ ಚಿಕ್ಕ ಪಟ್ಟಿಯನ್ನು ಸುತ್ತಿದರೆ ಒತ್ತಡ ಇದ್ದುದಕ್ಕಿಂತ ಹೆಚ್ಚಾಗಿ ಕಾಣುತ್ತದೆ. ಹಿಂದಿನವರ ಅಂಕಿಗಳು ಯಂತ್ರದ ನೆನಪಿನಲ್ಲಿ ಉಳಿದಿರುತ್ತವೆ. ಅವನ್ನು ಅಳಿಸದಿದ್ದರೆ ಒಬ್ಬರ ಕಾಯಿಲೆಯ ಲೆಕ್ಕ ಇನ್ನೊಬ್ಬರದರೊಡನೆ ಬೆರೆಯುತ್ತದೆ. ಆಕ್ಸಿಮೀಟರಿಗೂ ಈ ಹೋಲಿಕೆ ಬೇಕು. ಬೆರಳು ತಾಗುವ ಭಾಗವನ್ನು ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ ಕೊಡಬೇಕು.

ಕೊಡಬಾರದದ್ದು

ಗ್ಲುಕೋಮೀಟರಿನ ಮಾತು ಬೇರೆ. ಅದು ರಕ್ತದೊಡನೆ ವ್ಯವಹರಿಸುವ ಯಂತ್ರ. ಬೆರಳು ಚುಚ್ಚುವ ಪೆನ್ನನ್ನು, ಸೂಜಿ ಬದಲಾಯಿಸಿದ ಮಾತ್ರಕ್ಕೆ, ಇಬ್ಬರು ಬಳಸಲಾಗದು. ಕಾಮಾಲೆಯನ್ನು ತರುವ ಹೆಪಟೈಟಿಸ್ ‘ಬಿ’ ವೈರಸ್ಸು ಕಣ್ಣಿಗೆ ಕಾಣದಷ್ಟು ಒಣರಕ್ತದಲ್ಲಿಯೂ ಕಡೆಯಪಕ್ಷ 7 ದಿನ ಜೀವಂತವಾಗಿರಬಲ್ಲುದು. ಒಂದೇ ಮನೆಯಲ್ಲಿ ಅತ್ತೆ ಸೊಸೆಯರಿಬ್ಬರಿಗೂ ಮಧುಮೇಹವಿದ್ದರೆ ಇಬ್ಬರಿಗೂ ಬೇರೆ ಬೇರೆ ಪೆನ್ನುಗಳಿರಬೇಕು. ರಕ್ತದ ಹನಿಯನ್ನು ಹೀರುವ ಪಟ್ಟಿಗಳಿಗೆ ಅವಧಿಯುಂಟು. ತೇವ ತಗುಲಿದರೆ ಅದಕ್ಕೂ ಮೊದಲೇ ಕೆಡುತ್ತವೆ. ಯಂತ್ರಕ್ಕಿಂತ ಪಟ್ಟಿಗಳಿಗೇ ಕಾಲಕ್ರಮದಲ್ಲಿ ಹೆಚ್ಚು ಹಣ ಬೇಕಾಗುವುದರಿಂದ, ಬಡವರಿಗೆ ನೆರವಾಗಬಯಸುವವರು ಹಳೆಯ ಯಂತ್ರದ ಬದಲು ಅವರ ಯಂತ್ರಕ್ಕೆ ಹೊಂದುವ ಹೊಸ ಪಟ್ಟಿಗಳ ಡಬ್ಬಿಯೊಂದನ್ನು ಕೊಂಡುಕೊಡುವುದೇ ಮೇಲು.

ಪಾದರಸದ ಥರ್ಮಾಮೀಟರನ್ನಂತೂ ಯಾರಿಗೂ ದಾಟಿಸಬಾರದು. ಅದರಲ್ಲಿರುವುದು ಅರ್ಧ ಅಥವಾ ಒಂದು ಗ್ರಾಂ ಪಾದರಸವೇ ಆದರೂ ಅದು ವಿಷವೇ. ಹಳೆಯ ಪಾದರಸದ ಒತ್ತಡಮಾಪಕದಲ್ಲಿ ಇದರ ಹತ್ತಾರು ಪಟ್ಟು ಇರುತ್ತದೆ. ಜಪಾನಿನ ಮಿನಮಾಟ ಊರಿನಲ್ಲಿ 1956ರಲ್ಲಿ ಬೆಳಕಿಗೆ ಬಂದ ಘೋರ ವ್ಯಾಧಿಗೆ, ಕೊಲ್ಲಿಯ ಮೀನನ್ನು ಸೇರಿದ ಪಾದರಸವೇ ಕಾರಣವಾಗಿತ್ತು. ಆ ಊರಿನ ಹೆಸರಿನಲ್ಲಿ 2013ರಲ್ಲಿ ಅಂತರರಾಷ್ಟ್ರೀಯ ಒಪ್ಪಂದವಾಯಿತು. ಭಾರತ 2018ರಲ್ಲಿ ಅದನ್ನು ಅಂಗೀಕರಿಸಿತು.

ಥರ್ಮಾಮೀಟರು ಕೈಜಾರಿ ಒಡೆದರೆ ಗಾಬರಿ ಬೇಡ. ಆದರೆ ಪೊರಕೆಯನ್ನು ಮುಟ್ಟಬಾರದು. ಗುಡಿಸಿದಷ್ಟೂ ಪಾದರಸ ಸಣ್ಣ ಹನಿಗಳಾಗಿ ಹರಡುತ್ತದೆ. ಮಕ್ಕಳನ್ನು ಹೊರಗೆ ಕಳುಹಿಸಿ, ಕಿಟಕಿಗಳನ್ನು ತೆರೆಯಬೇಕು. ಗೃಹಿಣಿ ಮೊದಲು ಬಳೆ ಉಂಗುರಗಳನ್ನು ಕಳಚಿಡಬೇಕು, ಏಕೆಂದರೆ ಪಾದರಸ ಚಿನ್ನದೊಡನೆ ಕೂಡಿಕೊಳ್ಳುತ್ತದೆ. ಬಳಿಕ ಕೈಗವಸು ತೊಟ್ಟು, ಗಟ್ಟಿ ಕಾಗದದ ತುಂಡಿನಿಂದ ಹನಿಗಳನ್ನು ಒಂದೆಡೆಗೆ ಸೇರಿಸಿ, ಮುಚ್ಚಳ ಬಿಗಿಯಾಗುವ ಸೀಸೆಗೆ ತುಂಬಬೇಕು. ಬಚ್ಚಲಿಗೆ ಸುರಿಯುವುದು ಸಲ್ಲದು.

ಕೊನೆಯ ಗತಿ

ಉಳಿದ ಯಂತ್ರಗಳು ಬೀದಿಯ ಕಸದ ಗಾಡಿಯನ್ನೋ ಗುಜರಿಯವನ ಚೀಲವನ್ನೋ ಸೇರಬಾರದು. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯದ ನಿಯಮಗಳು ವೈದ್ಯಕೀಯ ಉಪಕರಣಗಳನ್ನೂ ಒಳಗೊಂಡಿವೆ. ಇಂಥ ಯಂತ್ರಗಳನ್ನು ಅಧಿಕೃತ ಇ-ತ್ಯಾಜ್ಯ ಸಂಗ್ರಾಹಕರಿಗೆ ಒಪ್ಪಿಸುವುದೇ ಸರಿಯಾದ ದಾರಿ. ಅದಕ್ಕೆ ಮೊದಲು ಬ್ಯಾಟರಿಗಳನ್ನು ತೆಗೆದು ಬೇರೆಯಾಗಿಡಬೇಕು. ಗುಂಡಿಯಂಥ ಚಿಕ್ಕ ಬ್ಯಾಟರಿಯನ್ನು ಮಗು ನುಂಗಿದರೆ ಎರಡೇ ಗಂಟೆಗಳಲ್ಲಿ ಅನ್ನನಾಳ ಸುಡಬಹುದು. ಅದರ ಎರಡು ಮೈಗೂ ಅಂಟುಪಟ್ಟಿ ಸುತ್ತಿ, ಮಕ್ಕಳಿಗೆ ಎಟುಕದ ಕಡೆ ಇಡುವುದು ಕ್ಷೇಮ.

ಸೂಜಿಗಳ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರಿಕೆ ಬೇಕು. ಮನೆಯೊಳಗೆ ಸಕ್ಕರೆ ನೋಡಿಕೊಂಡವರು ಸೂಜಿಯನ್ನು ಕಾಗದದಲ್ಲಿ ಸುತ್ತಿ ಬುಟ್ಟಿಗೆ ಹಾಕಿ ಮರೆತುಬಿಡುತ್ತಾರೆ. ಮರುದಿನ ಬೆಳಿಗ್ಗೆ ಆ ಕಸದೊಳಗೆ ಕೈಯಿಕ್ಕಿ ಬೇರ್ಪಡಿಸುವವರು ಪೌರಕಾರ್ಮಿಕರು. ಚುಚ್ಚಿದ ಸೂಜಿ ಯಾರದೆಂದು ಅವರಿಗೆ ತಿಳಿಯುವ ಬಗೆಯಿಲ್ಲ. ದಪ್ಪ ಪ್ಲಾಸ್ಟಿಕ್ಕಿನ ಡಬ್ಬಿಯೊಂದರಲ್ಲಿ ಸೂಜಿಗಳನ್ನು ಹಾಕುತ್ತ ಬಂದು, ಮುಕ್ಕಾಲು ತುಂಬಿದೊಡನೆ ಮುಚ್ಚಳವನ್ನು ಬಿಗಿದು, ‘ಸೂಜಿಗಳಿವೆ’ ಎಂದು ಬರೆದು, ಸ್ವೀಕರಿಸುವ ಆಸ್ಪತ್ರೆಗೋ ಪ್ರಯೋಗಾಲಯಕ್ಕೋ ಕೊಡಬಹುದು. ಅದು ಸಾಧ್ಯವಿಲ್ಲದಿದ್ದರೆ, ಕಸ ಒಯ್ಯುವವರಿಗೆ ಬಾಯಿಬಿಟ್ಟು ಹೇಳಿ ಬೇರೆಯಾಗಿಯೇ ಕೈಗಿಡಬೇಕು.

ಇಷ್ಟೆಲ್ಲವನ್ನೂ ಮಾಡಿ ಮುಗಿಸಲು ಒಂದು ಭಾನುವಾರದ ಮಧ್ಯಾಹ್ನ ಸಾಕು. ಬೀರುವಿನಲ್ಲಿ ಉಳಿಸಿಕೊಳ್ಳಬೇಕಾದುದು ಒಂದೇ: ಹಿರಿಯರು ದಿನದಿನವೂ ತಮ್ಮ ಅಂಕಿಗಳನ್ನು ಬರೆದಿಡುತ್ತಿದ್ದ ಪುಸ್ತಕ. ಮಧುಮೇಹವೂ ರಕ್ತದೊತ್ತಡವೂ ಕುಟುಂಬಗಳಲ್ಲಿ ಹರಿದುಬರುವ ಕಾಯಿಲೆಗಳು. ಮುಂದೊಂದು ದಿನ ಮಗನೋ ಮಗಳೋ ವೈದ್ಯರ ಮುಂದೆ ಕುಳಿತಾಗ, “ನಿಮ್ಮ ತಂದೆಯವರಿಗೆ ಇದು ಯಾವ ವಯಸ್ಸಿನಲ್ಲಿ ಆರಂಭವಾಯಿತು?” ಎಂಬ ಪ್ರಶ್ನೆಗೆ ಆ ಪುಸ್ತಕವೇ ಉತ್ತರ ಕೊಟ್ಟೀತು.