ಏಣಿಯೂ ಕೋಟೆಯೂ

ಪರೀಕ್ಷೆಯಲ್ಲಿ ನಪಾಸಾದ ವಿದ್ಯಾರ್ಥಿಯ ಪಾಡೇನೆಂಬುದನ್ನು ಈ ಸಂಚಿಕೆಯ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆತ ಅದೇ ಪತ್ರಿಕೆಯನ್ನು ಮತ್ತೊಮ್ಮೆ ಬರೆದಾನು, ಮನೆಯವರಿಂದ ನಾಲ್ಕು ಮಾತು ಕೇಳಿಸಿಕೊಂಡಾನು. ಆದರೆ ಅವನನ್ನು ಹಿಡಿದು ಹೈಸ್ಕೂಲಿಗೆ ವಾಪಸು ಕಳುಹಿಸಿದ್ದನ್ನು ಇದುವರೆಗೆ ಯಾರೂ ಕಂಡಿಲ್ಲ. ಹಾಗೆ ಕಳುಹಿಸುವ ಒಂದು ಕಾಲೇಜಿದೆಯೆಂದು ಊಹಿಸಿಕೊಳ್ಳಿ. ಅಲ್ಲಿ ವರ್ಷದ ಕೊನೆಗೆ ಕಟ್ಟಕಡೆಯ ಮೂವರನ್ನು ಕೆಳಕ್ಕೆ ಇಳಿಸುತ್ತಾರೆ. ಹೈಸ್ಕೂಲಿನ ಮೊದಲ ಮೂವರನ್ನು ಅವರ ಬೆಂಚಿನಲ್ಲಿ ತಂದು ಕೂರಿಸುತ್ತಾರೆ. ಇನ್ನೊಂದು ಕಾಲೇಜನ್ನೂ ಊಹಿಸಿಕೊಳ್ಳಿ. ಅಲ್ಲಿ ಕಟ್ಟಕಡೆಯವನಾಗಿ ಬಂದವನಿಗೆ ಗ್ರಂಥಾಲಯದ ಹೊಸ ಪುಸ್ತಕಗಳನ್ನು ಎಲ್ಲರಿಗಿಂತ ಮೊದಲು ಆರಿಸಿಕೊಳ್ಳುವ ಹಕ್ಕು! ಆದರೆ ಹೊರಗಿನವನು ಎಷ್ಟೇ ಜಾಣನಾಗಿರಲಿ, ಅವನಿಗೆ ಬಾಗಿಲು ತೆರೆಯುವುದಿಲ್ಲ. ಒಳಗಿನವರು ಒಪ್ಪಿ, ಅವನು ದೊಡ್ಡ ಮೊತ್ತ ತೆತ್ತು ಕುರ್ಚಿಯನ್ನು ಕೊಂಡರೆ ಮಾತ್ರ ಪ್ರವೇಶ.

ಮೊದಲನೆಯದು ಇಂಗ್ಲೆಂಡಿನ ಕಾಲ್ಚೆಂಡಾಟದ ಲೀಗಿನ ಪದ್ಧತಿ. ಎರಡನೆಯದು ಅಮೆರಿಕದ ದೊಡ್ಡ ಲೀಗುಗಳ ಪದ್ಧತಿ. ನಮ್ಮ ಹಾಸ್ಟೆಲಿನಲ್ಲಿ ಒಂದು ರಾತ್ರಿ ಈ ಎರಡರಲ್ಲಿ ಯಾವುದು ನ್ಯಾಯವೆಂಬ ವಾದವೆದ್ದು, ಊಟದ ಗಂಟೆ ಹೊಡೆದರೂ ಮುಗಿಯಲಿಲ್ಲ. “ಅಮೆರಿಕದವರಿಗೆ ಸೋಲೆಂದರೆ ಭಯ, ಅದಕ್ಕೇ ಬಾಗಿಲು ಹಾಕಿಕೊಂಡಿದ್ದಾರೆ” ಎಂದ ಒಬ್ಬ ಗೆಳೆಯ. ನಾನೂ ಅಂದು ಅವನ ಪಕ್ಷವನ್ನೇ ಹಿಡಿದಿದ್ದೆ. ಆಮೇಲೆ ಕುಳಿತು ಓದಿದಾಗ ವಿಷಯ ಅಷ್ಟು ಸುಲಭವಲ್ಲವೆಂದು ತೋರಿತು. ಓದಿದ್ದನ್ನು ಸಹಪಾಠಿಗಳ ಮುಂದಿಡುವುದಷ್ಟೇ ಈ ಲೇಖನದ ಉದ್ದೇಶ.

ಇಂಗ್ಲೆಂಡಿನ ಏಣಿ ಹುಟ್ಟಿದಾಗಲೇ ಏಣಿಯಾಗಿರಲಿಲ್ಲ. ಆಸ್ಟನ್ ವಿಲಾ ಕ್ಲಬ್ಬಿನ ವಿಲಿಯಂ ಮೆಕ್‌ಗ್ರೆಗರ್ ಎಂಬಾತನ ಪ್ರಯತ್ನದಿಂದ 1888ರಲ್ಲಿ ಹನ್ನೆರಡು ಕ್ಲಬ್ಬುಗಳು ಸೇರಿ ಫುಟ್‌ಬಾಲ್ ಲೀಗನ್ನು ಕಟ್ಟಿದವು. ಕೊನೆಯ ನಾಲ್ಕು ಸ್ಥಾನಗಳಲ್ಲಿ ಬಂದವರು ಉಳಿದವರ ಮುಂದೆ ನಿಂತು ಮತ ಯಾಚಿಸಿ ಮರುಚುನಾಯಿತರಾಗಬೇಕೆಂಬುದು ಆಗಿನ ನಿಯಮ. ಎಂದರೆ, ಕ್ಲಬ್ಬಿನ ಭವಿಷ್ಯ ಮೈದಾನದಲ್ಲಲ್ಲ, ಸಭೆಯ ಮೇಜಿನ ಸುತ್ತ ತೀರ್ಮಾನವಾಗುತ್ತಿತ್ತು. 1892ರಲ್ಲಿ ಎರಡನೆಯ ಡಿವಿಷನ್ ಹುಟ್ಟಿಕೊಂಡಿತು. ಮೇಲಿನ ಡಿವಿಷನ್ನಿನ ಕೊನೆಯವರಿಗೂ ಕೆಳಗಿನ ಡಿವಿಷನ್ನಿನ ಮೊದಲಿಗರಿಗೂ ನಡುವೆ ‘ಟೆಸ್ಟ್ ಮ್ಯಾಚ್’ ಎಂಬ ಪರೀಕ್ಷಾಪಂದ್ಯಗಳನ್ನು ಏರ್ಪಡಿಸಿದರು. ಇಲ್ಲಿ ಕ್ರಿಕೆಟ್ಟಿನ ನೆನಪಾದವರು ಅದನ್ನು ಸ್ವಲ್ಪ ಬದಿಗಿಡಬೇಕು.

ಈ ಪರೀಕ್ಷಾಪಂದ್ಯಗಳು ಅಂತ್ಯ ಕಂಡ ಬಗೆ ಸ್ವಾರಸ್ಯವಾಗಿದೆ. 1898ರಲ್ಲಿ ನಾಲ್ಕು ತಂಡಗಳ ಈ ಸರಣಿಯ ಕೊನೆಯಲ್ಲಿ ಸ್ಟೋಕ್ ಮತ್ತು ಬರ್ನ್ಲಿ ಎದುರಾದವು. ಪಂದ್ಯ ಸಮವಾದರೆ ಸಾಕು, ಇಬ್ಬರಿಗೂ ಮೇಲಿನ ಡಿವಿಷನ್ನಿನಲ್ಲಿ ಸ್ಥಾನ ಖಚಿತ. ಇಬ್ಬರಿಗೂ ಇದು ತಿಳಿದಿತ್ತು. ಹೀಗಿರಲು ಗೋಲು ಹೊಡೆಯುವ ಹುಚ್ಚು ಯಾರಿಗಿದ್ದೀತು? ಪಂದ್ಯ ಒಂದು ಗೋಲೂ ಇಲ್ಲದೆ ಮುಗಿಯಿತು. ಕಾಸು ಕೊಟ್ಟು ನೋಡಬಂದವರು ಬೇಸತ್ತು, ತಮ್ಮ ಕಡೆಗೆ ಬಂದ ಚೆಂಡನ್ನೇ ಬಚ್ಚಿಟ್ಟರೆಂದು ಹೇಳುವುದುಂಟು. ಈ ನಾಟಕವಾದ ಮೇಲೆ ಲೀಗಿನವರು ಪರೀಕ್ಷಾಪಂದ್ಯಗಳನ್ನು ಕೈಬಿಟ್ಟು, ವರ್ಷವಿಡೀ ಗಳಿಸಿದ ಅಂಕಗಳ ಆಧಾರದಿಂದಲೇ ಏರಿಕೆ ಇಳಿಕೆಗಳು ತಾವಾಗಿ ನಡೆಯಬೇಕೆಂದು ಗೊತ್ತುಮಾಡಿದರು. ಇಂದು ಜಗತ್ತಿನ ಬಹುಪಾಲು ದೇಶಗಳ ಕಾಲ್ಚೆಂಡಾಟದಲ್ಲಿ ಕಾಣುವ ನಿಯಮ ಇದೇ. ಒಂದು ಕಪಟ ಪಂದ್ಯದಿಂದ ಇಷ್ಟೊಂದು ನೇರವಾದ ನಿಯಮ ಹುಟ್ಟಿದ್ದು ಸೋಜಿಗವೇ ಸರಿ.

ಆದರೂ ಏಣಿಯ ಬುಡ ಬಹುಕಾಲ ಮುಚ್ಚಿಯೇ ಇತ್ತು. ಲೀಗಿನ ಕಟ್ಟಕಡೆಯ ಡಿವಿಷನ್ನಿನಲ್ಲಿ ಹಳೆಯ ಮತದಾನದ ಪದ್ಧತಿ 1986ರವರೆಗೂ ನಡೆಯಿತು. ಪರಿಚಯಸ್ಥರ ಕೈ ಪರಿಚಯಸ್ಥರ ಪರವಾಗಿ ಏಳುವುದು ಎಲ್ಲ ದೇಶಗಳಲ್ಲೂ ಇರುವ ಸಂಗತಿಯಷ್ಟೆ. ಆಟದ ಬಲದಿಂದಲೇ ಕೆಳಗಿನ ಲೀಗಿನಿಂದ ಒಳಬಂದ ಮೊದಲ ಕ್ಲಬ್ಬು ಸ್ಕಾರ್ಬರೋ, 1987ರಲ್ಲಿ. ಅದಕ್ಕೆ ಎಡೆ ಮಾಡಿಕೊಟ್ಟು ಹೊರಬಿದ್ದದ್ದು ಲಿಂಕನ್ ಸಿಟಿ.

ಈಗ ಅತಿ ಮೇಲಿನ ಪ್ರೀಮಿಯರ್ ಲೀಗಿನಲ್ಲಿ ಇಪ್ಪತ್ತು ಕ್ಲಬ್ಬುಗಳಿವೆ. ಪ್ರತಿವರ್ಷ ಮೂರು ಕೆಳಗಿಳಿಯುತ್ತವೆ, ಮೂರು ಮೇಲೇರುತ್ತವೆ. ಈ ನಿಯಮ ದೊಡ್ಡವರು ಚಿಕ್ಕವರೆಂದು ಮುಖ ನೋಡುವುದಿಲ್ಲ. ಮ್ಯಾಂಚೆಸ್ಟರ್ ಸಿಟಿ 1937ರಲ್ಲಿ ಚಾಂಪಿಯನ್ ಆಗಿ ಮರುವರ್ಷವೇ ಕೆಳಗಿಳಿಯಿತು. ಆ ಇಳಿದ ವರ್ಷ ಡಿವಿಷನ್ನಿನಲ್ಲೆಲ್ಲ ಹೆಚ್ಚು ಗೋಲು ಹೊಡೆದ ತಂಡವೂ ಅದೇ! ಎಂಬತ್ತು ಗೋಲು ಹೊಡೆದವರು ತಮ್ಮ ಗೋಲನ್ನು ಕಾಯಲು ಮರೆತಿದ್ದರೆಂದು ಕಾಣುತ್ತದೆ. ಅದರ ನೆರೆಯ ಮ್ಯಾಂಚೆಸ್ಟರ್ ಯುನೈಟೆಡ್ 1968ರಲ್ಲಿ ಯೂರೋಪಿಗೇ ಚಾಂಪಿಯನ್ ಆಗಿತ್ತು. 1974ರಲ್ಲಿ ಎರಡನೆಯ ಡಿವಿಷನ್ನಿಗೆ ಬಿತ್ತು. ಬಿದ್ದು ಒಂದೇ ವರ್ಷದಲ್ಲಿ ಎದ್ದು ಬಂದಿತು, ಆ ಮಾತು ಬೇರೆ.

ಏರಿದವರ ಕಥೆ ಇನ್ನೂ ಚೆನ್ನಾಗಿದೆ. ಲೆಸ್ಟರ್ ಸಿಟಿ 2009ರಲ್ಲಿ ಮೂರನೆಯ ಅಂತಸ್ತಿನಲ್ಲಿತ್ತು. 2014ರಲ್ಲಿ ಪ್ರೀಮಿಯರ್ ಲೀಗಿಗೆ ಬಂತು. ಆ ವರ್ಷದ ಕ್ರಿಸ್‌ಮಸ್ ಹೊತ್ತಿಗೆ ಪಟ್ಟಿಯ ತಳದಲ್ಲಿದ್ದು, ಹೇಗೋ ಪಾರಾಯಿತು. ಮುಂದಿನ ವರ್ಷ ಅದು ಗೆಲ್ಲುವುದೆಂದು ಪಣ ಕಟ್ಟುವವರಿಗೆ ಒಂದಕ್ಕೆ ಐದುಸಾವಿರ ಕೊಡಲು ಬಾಜಿಯವರು ಸಿದ್ಧರಿದ್ದರು. 2016ರ ಮೇ ತಿಂಗಳಲ್ಲಿ ಲೆಸ್ಟರ್ ಇಂಗ್ಲೆಂಡಿನ ಚಾಂಪಿಯನ್. ಅಲ್ಲಿಗೆ ಕಥೆ ನಿಲ್ಲಲಿಲ್ಲ. 2023ರಲ್ಲಿ ಇಳಿಯಿತು, 2024ರಲ್ಲಿ ಏರಿತು, 2025ರಲ್ಲಿ ಮತ್ತೆ ಇಳಿಯಿತು.

ಇನ್ನು ಅಮೆರಿಕ. ಅಲ್ಲಿಯ ಕೋಟೆಯ ಅಸ್ತಿವಾರ ಬಿದ್ದದ್ದು ಬೇಸ್‌ಬಾಲ್ ಆಟದಲ್ಲಿ. 1871ರಿಂದ 1875ರವರೆಗೆ ಅಲ್ಲಿದ್ದ ಸಂಘದಲ್ಲಿ ಹತ್ತು ಡಾಲರು ಕೊಟ್ಟ ಯಾವ ಕ್ಲಬ್ಬು ಬೇಕಾದರೂ ಸೇರಬಹುದಿತ್ತು. ಸಣ್ಣ ಊರಿನ ಕ್ಲಬ್ಬುಗಳು ನಡುವರ್ಷದಲ್ಲಿ ಹಣವಿಲ್ಲದೆ ಮುಚ್ಚಿಹೋಗುತ್ತಿದ್ದವು. ಸೋಲುತ್ತಿರುವ ತಂಡ ದೂರದ ಊರಿಗೆ ಆಡಲು ಹೋಗುವ ರೈಲು ಖರ್ಚೇಕೆಂದು ಮನೆಯಲ್ಲೇ ಉಳಿಯುತ್ತಿತ್ತು. ಇದನ್ನು ಕಂಡು ರೋಸಿದ ಶಿಕಾಗೋದ ವಿಲಿಯಂ ಹಲ್ಬರ್ಟ್ 1876ರಲ್ಲಿ ಎಂಟು ಕ್ಲಬ್ಬುಗಳ ನ್ಯಾಷನಲ್ ಲೀಗನ್ನು ಸ್ಥಾಪಿಸಿದ. ಎಪ್ಪತ್ತೈದು ಸಾವಿರ ಜನಸಂಖ್ಯೆಯಿಲ್ಲದ ಊರಿಗೆ ಸಾಮಾನ್ಯವಾಗಿ ಪ್ರವೇಶವಿಲ್ಲ. ಒಂದು ಊರಿಗೆ ಒಂದೇ ಕ್ಲಬ್ಬು. ಆ ಊರಿನ ಸುತ್ತಣ ಸೀಮೆ ಅದಕ್ಕೇ ಮೀಸಲು. ಮೊದಲ ವರ್ಷವೇ ಪಶ್ಚಿಮದ ಪ್ರವಾಸಕ್ಕೆ ಹೋಗದೆ ತಪ್ಪಿಸಿಕೊಂಡ ನ್ಯೂಯಾರ್ಕ್ ಮತ್ತು ಫಿಲಡೆಲ್ಫಿಯಾ ಕ್ಲಬ್ಬುಗಳನ್ನು ಹೊರಹಾಕಿದ. ದೇಶದ ಅತಿ ದೊಡ್ಡ ಎರಡು ನಗರಗಳವು ಎಂಬ ದಾಕ್ಷಿಣ್ಯವನ್ನೂ ತೋರಲಿಲ್ಲ. ಹಾಸ್ಟೆಲಿನಲ್ಲಿ ನಾವು ‘ಭಯ’ ಎಂದು ಹೆಸರಿಟ್ಟದ್ದರ ಮೂಲದಲ್ಲಿ ಇದ್ದದ್ದು ಇದು: ಒಪ್ಪಿದ ಪಂದ್ಯವನ್ನು ಆಡಿಯೇ ತೀರಬೇಕೆಂಬ ಶಿಸ್ತು.

ಮುಂದೆ ಬೇಸ್‌ಬಾಲಿನ ಕೆಳಗಿನ ಲೀಗುಗಳು ಬಹುಮಟ್ಟಿಗೆ ಮೇಲಿನ ಕ್ಲಬ್ಬುಗಳ ಸಸಿಮಡಿಗಳಾದವು. 1920ರ ದಶಕದಲ್ಲಿ ಸೇಂಟ್ ಲೂಯಿಸ್ ಕ್ಲಬ್ಬಿನ ಬ್ರಾಂಚ್ ರಿಕಿ ಈ ಕ್ರಮವನ್ನು ಬೆಳೆಸಿದ. ಕೆಳಗಿನ ತಂಡದ ಆಟಗಾರನಿಗೆ ಸಂಬಳ ಕೊಡುವವನು ಮೇಲಿನ ತಂಡದ ಒಡೆಯ. ಪೈರು ಚೆನ್ನಾಗಿ ಬಂದರೆ ಕಿತ್ತು ತನ್ನ ಗದ್ದೆಯಲ್ಲಿ ನಾಟಿ ಮಾಡುತ್ತಾನೆ. ಇಲ್ಲಿ ಮೇಲೇರುವವನು ಆಟಗಾರ. ತಂಡ ಇದ್ದಲ್ಲೇ ಇರುತ್ತದೆ. ಸಸಿಮಡಿಯೇ ಎದ್ದು ಗದ್ದೆಯಾಗುವುದೆಂತು?

ಕೋಟೆಯ ಒಳಗಿನ ಬಾಳು ಒಂದು ಬಗೆಯ ಸಮಾಜವಾದ. ಬಂಡವಾಳಶಾಹಿಗಳ ನಾಡಿನಲ್ಲಿ ಇಂಥದ್ದು ಇರುವುದೇ ಒಂದು ವಿನೋದ. ಅಮೆರಿಕನ್ ಫುಟ್‌ಬಾಲಿನ ಎನ್.ಎಫ್.ಎಲ್. ಲೀಗಿನಲ್ಲಿ ರಾಷ್ಟ್ರೀಯ ಟೆಲಿವಿಷನ್ನಿನ ಹಣವನ್ನು ಎಲ್ಲ ತಂಡಗಳೂ ಸಮನಾಗಿ ಹಂಚಿಕೊಳ್ಳುತ್ತವೆ. 1994ರಿಂದ ಆಟಗಾರರ ಸಂಬಳಕ್ಕೆ ಒಂದು ಮೇಲ್ಮಿತಿಯೂ ಇದೆ. 1936ರಿಂದ ‘ಡ್ರಾಫ್ಟ್’ ಎಂಬ ಪದ್ಧತಿ ನಡೆದುಬಂದಿದೆ: ಕಾಲೇಜುಗಳಿಂದ ಹೊರಬರುವ ಹೊಸ ಆಟಗಾರರನ್ನು ಆರಿಸುವಾಗ ಹಿಂದಿನ ವರ್ಷ ಕೊನೆಗೆ ಬಂದ ತಂಡಕ್ಕೆ ಮೊದಲ ಸರದಿ. ಇದನ್ನು ಸೂಚಿಸಿದ ಬರ್ಟ್ ಬೆಲ್ ಆಗ ದುರ್ಬಲವಾಗಿದ್ದ ಫಿಲಡೆಲ್ಫಿಯಾ ತಂಡದ ಒಡೆಯನಾಗಿದ್ದನೆಂಬುದನ್ನು ಗಮನಿಸಬೇಕು! ಪಾಪ, ಮೊಟ್ಟಮೊದಲು ಆಯ್ಕೆಯಾದ ಜೇ ಬರ್ವ್ಯಾಂಗರ್ ಎಂಬ ತರುಣ ಆ ಲೀಗಿನಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ.

ಇದರ ಫಲ ಒಳ್ಳೆಯದೂ ಇದೆ. ಟ್ಯಾಂಪಾ ಬೇ ತಂಡ 1976ರಲ್ಲಿ ಹುಟ್ಟಿ ಮೊದಲ ಇಪ್ಪತ್ತಾರು ಪಂದ್ಯಗಳನ್ನೂ ಸತತವಾಗಿ ಸೋತಿತು. ಇಂಗ್ಲೆಂಡಿನಲ್ಲಾಗಿದ್ದರೆ ಅದು ಯಾವ ಪಾತಾಳಕ್ಕೆ ಇಳಿಯುತ್ತಿತ್ತೋ! ಕೋಟೆಯ ಆಶ್ರಯದಲ್ಲಿ ಉಳಿದುಕೊಂಡು, 2003ರ ಜನವರಿಯಲ್ಲಿ ಅತ್ಯುನ್ನತ ಪ್ರಶಸ್ತಿಯಾದ ಸೂಪರ್ ಬೌಲನ್ನು ಗೆದ್ದಿತು. ಕೆಟ್ಟ ಫಲವೂ ಇದೆ. ಸೋತರೆ ಲಾಭವೆಂದಾದಾಗ ಸೋಲನ್ನೇ ಬೇಸಾಯ ಮಾಡುವವರು ಹುಟ್ಟಿಕೊಳ್ಳುತ್ತಾರೆ. ಬ್ಯಾಸ್ಕೆಟ್‌ಬಾಲಿನ ಫಿಲಡೆಲ್ಫಿಯಾ ತಂಡ 2013ರಿಂದ ಮೂರು ವರ್ಷ ತನ್ನ ಒಳ್ಳೆಯ ಆಟಗಾರರನ್ನು ಬಿಟ್ಟುಕೊಟ್ಟು ಮುಂದಿನ ಆಯ್ಕೆಗಳನ್ನು ಕೂಡಿಹಾಕಿತು. 2015–16ರಲ್ಲಿ ಎಂಬತ್ತೆರಡು ಪಂದ್ಯಗಳಲ್ಲಿ ಗೆದ್ದದ್ದು ಹತ್ತೇ ಹತ್ತು. ಮರುಸಲದ ಡ್ರಾಫ್ಟಿನಲ್ಲಿ ಮೊದಲ ಆಯ್ಕೆ ಅದಕ್ಕೇ ಸಿಕ್ಕಿತು. ಟಿಕೆಟು ಕೊಂಡು ಕುಳಿತವನ ಗತಿಯೇನು? ತನ್ನ ತಂಡ ಸೋತಾಗ ಅಳಬೇಕೋ ನಗಬೇಕೋ ತಿಳಿಯದ ಸ್ಥಿತಿ. ಇಂಗ್ಲೆಂಡಿನಲ್ಲಿ ಈ ಉಪಾಯ ನಡೆಯುವಂತಿಲ್ಲ. ಅಲ್ಲಿ ತಳದ ತಂಡಗಳ ಏಪ್ರಿಲ್ ತಿಂಗಳ ಪಂದ್ಯಗಳನ್ನು ಜನ ಚಾಂಪಿಯನ್ನರ ಪಂದ್ಯಗಳಷ್ಟೇ ಉಸಿರು ಬಿಗಿಹಿಡಿದು ನೋಡುತ್ತಾರೆ.

ಹಾಗೆಂದು ಏಣಿಯನ್ನು ಹೊಗಳಿ ಕೈತೊಳೆದುಕೊಳ್ಳುವಂತಿಲ್ಲ. ಮೇಲಿನ ಮೆಟ್ಟಿಲಿಗೂ ಅದರ ಕೆಳಗಿನದಕ್ಕೂ ವರಮಾನದಲ್ಲಿ ಅಪಾರ ಅಂತರವಿರುವುದರಿಂದ, ಏರುವ ಆಸೆಗೆ ಇಲ್ಲವೆ ಇಳಿಯುವ ಭಯಕ್ಕೆ ಕ್ಲಬ್ಬುಗಳು ಶಕ್ತಿ ಮೀರಿ ಸಾಲ ಮಾಡುತ್ತವೆ. 1885ರಲ್ಲಿ ಸ್ಥಾಪಿತವಾದ ಬರಿ ಕ್ಲಬ್ಬು 1900 ಮತ್ತು 1903ರಲ್ಲಿ ಎಫ್.ಎ. ಕಪ್ಪನ್ನು ಗೆದ್ದಿತ್ತು. 2019ರ ವಸಂತದಲ್ಲಿ ಒಂದು ಮೆಟ್ಟಿಲು ಮೇಲೇರಿ ಹಬ್ಬ ಮಾಡಿತು. ಅದೇ ಆಗಸ್ಟಿನಲ್ಲಿ ಹಣಕಾಸು ಕುಸಿದು ಲೀಗಿನಿಂದಲೇ ಹೊರಬಿತ್ತು. ಮೈದಾನದಲ್ಲಿ ಗೆದ್ದ ವರ್ಷವೇ ಲೆಕ್ಕದ ಪುಸ್ತಕದಲ್ಲಿ ಸತ್ತಿತು.

ಆದರೆ ನನ್ನ ಮನಸ್ಸನ್ನು ಹೆಚ್ಚು ಕಾಡಿದ್ದು ಊರಿನ ಪ್ರಶ್ನೆ. ಕೋಟೆಯೊಳಗಿನ ಸ್ಥಾನ ಒಂದು ಆಸ್ತಿ, ಆಸ್ತಿಗೆ ಒಡೆಯನುಂಟು, ಉಳಿದ ಒಡೆಯರು ಒಪ್ಪಿದರೆ, ಕೆಲವೊಮ್ಮೆ ಒಪ್ಪದಿದ್ದರೂ, ಅವನು ಅದನ್ನು ಬೇರೆ ಊರಿಗೆ ಹೊತ್ತೊಯ್ಯಬಲ್ಲ. ಬ್ರೂಕ್ಲಿನ್ನಿನ ಡಾಡ್ಜರ್ಸ್ ತಂಡ 1955ರಲ್ಲಿ ವರ್ಲ್ಡ್ ಸೀರೀಸ್ ಗೆದ್ದು, 1957ರ ಋತು ಮುಗಿದೊಡನೆ ಲಾಸ್ ಏಂಜಲೀಸಿಗೆ ನಡೆದುಬಿಟ್ಟಿತು. ಸೋತದ್ದಕ್ಕಲ್ಲ, ಇಳಿದದ್ದಕ್ಕಲ್ಲ. ಬಾಲ್ಟಿಮೋರಿನ ಕೋಲ್ಟ್ಸ್ ತಂಡದ್ದು ಇನ್ನೂ ವಿಚಿತ್ರ. ಸರ್ಕಾರವೇ ತಂಡವನ್ನು ವಶಪಡಿಸಿಕೊಳ್ಳಲು ಕಾನೂನು ತರುತ್ತಿದೆಯೆಂದು ತಿಳಿದ ಒಡೆಯ, 1984ರ ಮಾರ್ಚ್ 28ರ ರಾತ್ರಿ ಲಾರಿಗಳನ್ನು ತರಿಸಿ, ಸಾಮಾನೆಲ್ಲ ತುಂಬಿಸಿ, ಬೆಳಗಾಗುವುದರೊಳಗೆ ಇಂಡಿಯಾನಾಪೊಲಿಸಿನ ದಾರಿ ಹಿಡಿಸಿದ. ಊರಿಗೆ ಊರೇ ಮಲಗಿದ್ದಾಗ ತಂಡ ಹೊರಟುಹೋಯಿತು. ಬೇರೊಂದು ತಂಡ ಬರುವವರೆಗೆ ಬಾಲ್ಟಿಮೋರಿನ ಜನ ಹನ್ನೆರಡು ವರ್ಷ ಕಾಯಬೇಕಾಯಿತು. ಆಗ ಬಂದದ್ದೂ ಕ್ಲೀವ್‌ಲ್ಯಾಂಡಿನಿಂದ ಎದ್ದು ಬಂದ ತಂಡವೇ.

ನಮ್ಮ ದೇಶದ ಇಂಡಿಯನ್ ಸೂಪರ್ ಲೀಗು 2014ರಲ್ಲಿ ಶುರುವಾದಾಗ ಅನುಸರಿಸಿದ್ದು ಈ ಅಮೆರಿಕನ್ ಮಾದರಿಯನ್ನೇ. ಬೆಂಗಳೂರು ಎಫ್.ಸಿ. ತಾನು ಹುಟ್ಟಿದ ಮೊದಲ ಋತುವಿನಲ್ಲೇ, 2013–14ರಲ್ಲಿ, ಐ-ಲೀಗಿನ ಚಾಂಪಿಯನ್ ಆಯಿತು, 2016ರಲ್ಲಿ ಮತ್ತೊಮ್ಮೆ ಆಯಿತು. ಆದರೂ 2017ರಲ್ಲಿ ಸೂಪರ್ ಲೀಗಿಗೆ ಸೇರಿದ್ದು ಆ ಗೆಲುವುಗಳ ಹಕ್ಕಿನಿಂದಲ್ಲ, ಬಿಡ್ ಸಲ್ಲಿಸಿ. ಐ-ಲೀಗನ್ನು ಗೆದ್ದುದರಿಂದಲೇ ಮೇಲೇರುವ ಭಾಗ್ಯ ಮೊದಲು ದೊರೆತದ್ದು 2023ರಲ್ಲಿ, ಪಂಜಾಬಿನ ತಂಡಕ್ಕೆ. ಅಮೆರಿಕದಲ್ಲಿಯೂ ಗೋಡೆ ಸ್ವಲ್ಪ ಬಿರುಕುಬಿಟ್ಟಿದೆ. 2025ರ ಮಾರ್ಚಿನಲ್ಲಿ ಅಲ್ಲಿಯ ಯುನೈಟೆಡ್ ಸಾಕರ್ ಲೀಗಿನ ಒಡೆಯರು ತಮ್ಮೊಳಗೆ ಏರಿಕೆ ಇಳಿಕೆಯನ್ನು ತರಲು ಮತ ಕೊಟ್ಟರು. ಅತ್ತ ಯೂರೋಪಿನ ಹನ್ನೆರಡು ಶ್ರೀಮಂತ ಕ್ಲಬ್ಬುಗಳು 2021ರ ಏಪ್ರಿಲ್ 18ರಂದು ತಮಗೆ ಇಳಿಕೆಯೇ ಇಲ್ಲದ ಸೂಪರ್ ಲೀಗೊಂದನ್ನು ಘೋಷಿಸಿದವು. ಅಭಿಮಾನಿಗಳು ಬೀದಿಗಿಳಿದರು. ಎರಡೇ ದಿನದಲ್ಲಿ ಇಂಗ್ಲೆಂಡಿನ ಆರೂ ಕ್ಲಬ್ಬುಗಳು ಹಿಂದೆಗೆದವು.

ಎರಡು ಪದ್ಧತಿಗಳೂ ಒಂದೇ ಊರಿನಲ್ಲಿ ಮುಖಾಮುಖಿಯಾದ ಸಂದರ್ಭ ಒಂದಿದೆ. ಲಂಡನ್ನಿನ ವಿಂಬಲ್ಡನ್ ಎಂದರೆ ನಮಗೆ ಟೆನಿಸ್ ನೆನಪಾಗುತ್ತದೆ. ಅಲ್ಲಿಯ ಕಾಲ್ಚೆಂಡಿನ ಕ್ಲಬ್ಬು 1977ರಲ್ಲಿ ಲೀಗಿಗೆ ಬಂದು, ಒಂಬತ್ತೇ ವರ್ಷಗಳಲ್ಲಿ ಮೊದಲ ಡಿವಿಷನ್ನಿಗೆ ಏರಿ, 1988ರಲ್ಲಿ ಲಿವರ್‌ಪೂಲನ್ನು ಸೋಲಿಸಿ ಎಫ್.ಎ. ಕಪ್ಪನ್ನು ಗೆದ್ದಿತ್ತು. 2002ರಲ್ಲಿ ಅದರ ಒಡೆಯರಿಗೆ ಕ್ಲಬ್ಬನ್ನು ಸುಮಾರು ತೊಂಬತ್ತು ಕಿಲೋಮೀಟರು ದೂರದ ಮಿಲ್ಟನ್ ಕೀನ್ಸಿಗೆ ಸಾಗಿಸಲು ಅನುಮತಿ ಸಿಕ್ಕಿತು. ಅಮೆರಿಕದಲ್ಲಾದರೆ ಬಿಟ್ಟುಹೋದವರನ್ನು ಶಪಿಸುತ್ತ ಕೂರುವುದಲ್ಲದೆ ಊರಿನವರಿಗೆ ಬೇರೆ ದಾರಿ ಇರುತ್ತಿರಲಿಲ್ಲ. ಇಲ್ಲಿ ಅಭಿಮಾನಿಗಳು ತಾವೇ ಎ.ಎಫ್.ಸಿ. ವಿಂಬಲ್ಡನ್ ಎಂಬ ಹೊಸ ಕ್ಲಬ್ಬನ್ನು ಕಟ್ಟಿ, ಊರ ಬಯಲಿನಲ್ಲಿ ಯಾರು ಬೇಕಾದರೂ ಬಂದು ಆಡಿತೋರಿಸಿರೆಂದು ಕರೆದು ಆಟಗಾರರನ್ನು ಆರಿಸಿ, ಒಂಬತ್ತನೆಯ ಅಂತಸ್ತಿನಿಂದ ಆಟ ಆರಂಭಿಸಿದರು. ಏಣಿಯ ಬುಡ ತೆರೆದಿತ್ತು. ಒಂಬತ್ತು ವರ್ಷಗಳಲ್ಲಿ ಐದು ಮೆಟ್ಟಿಲು ಏರಿ 2011ರಲ್ಲಿ ಫುಟ್‌ಬಾಲ್ ಲೀಗನ್ನು ಮುಟ್ಟಿದರು. 2016ರಲ್ಲಿ ಮೂರನೆಯ ಅಂತಸ್ತಿಗೆ ಬಂದಾಗ, ಮೇಲಿನಿಂದ ಇಳಿದ ಮಿಲ್ಟನ್ ಕೀನ್ಸಿನ ತಂಡವೂ ಅಲ್ಲಿಯೇ ಇತ್ತು. 2018ರಲ್ಲಿ ಮಿಲ್ಟನ್ ಕೀನ್ಸ್ ಇನ್ನೊಂದು ಮೆಟ್ಟಿಲು ಇಳಿಯಿತು, ವಿಂಬಲ್ಡನ್ ಉಳಿಯಿತು.

2020ರ ನವೆಂಬರಿನಲ್ಲಿ ಅವರು ಹಳೆಯ ಮೈದಾನದಿಂದ ಕೂಗಳತೆಯ ದೂರದಲ್ಲಿ, ಅದೇ ಪ್ಲೌ ಲೇನ್ ಬೀದಿಯಲ್ಲಿ, ತಮ್ಮ ಹೊಸ ಮೈದಾನದಲ್ಲಿ ಮೊದಲ ಪಂದ್ಯವಾಡಿದರು. ಕಟ್ಟಲು ಅಭಿಮಾನಿಗಳೇ ಹಣ ಹಾಕಿದ್ದರು. ಆದರೆ ಅದು ಕೋವಿಡ್ ಕಾಲ. ಪ್ರೇಕ್ಷಕರಿಗೆ ಪ್ರವೇಶವಿರಲಿಲ್ಲ, ಆ ಪಂದ್ಯ ಖಾಲಿ ಕುರ್ಚಿಗಳ ನಡುವೆ ನಡೆಯಿತು.