ಕಣ್ಣು ಹಳದಿಯಾಗದ ಕಾಮಣಿ

ಕಾಮಣಿ ಆಗಿದೆ ಅಂದರೆ ಸಾಕು, ಶಿರಹಟ್ಟಿ ಬಸ್ಸಿನೊಳಗೆ ಕೂತವರೆಲ್ಲ ವೈದ್ಯರೇ. ‘ಅಲ್ಲೆ ಔಷಧ ಕುಡಿಸ್ರಿ, ಮೂರು ದಿನದಾಗ ಇಳೀತೈತಿ’ ಅಂತ ಹತ್ತು ಊರಿನ ಹೆಸರು ಹೇಳುತ್ತಾರೆ. ಆದರೆ ಹೆಪಟೈಟಿಸ್ ‘ಸಿ’ ಎಂಬ ಪಿತ್ತಜನಕಾಂಗದ ರೋಗ ಬಹಳ ಮಂದಿಯಲ್ಲಿ ಕಣ್ಣು ಹಳದಿ ಮಾಡುವುದೇ ಇಲ್ಲ. ಇಪ್ಪತ್ತು ವರ್ಷ ಸದ್ದಿಲ್ಲದೆ ಒಳಗೆ ಕೂತು, ಹೊಟ್ಟೆಯಲ್ಲಿ ನೀರು ತುಂಬಿದಾಗ ಗೊತ್ತಾಗುವುದುಂಟು.

ಒಂದೇ ತಾಟಿನಲ್ಲಿ ಉಂಡರೆ ಇದು ಬರುವುದಿಲ್ಲ. ರಕ್ತದಿಂದ ರಕ್ತಕ್ಕೆ ಹೋಗುವ ರೋಗ. ನಶೆಯ ಮದ್ದನ್ನು ನರಕ್ಕೆ ಚುಚ್ಚಿಕೊಳ್ಳುವ ನಾಲ್ವರು ಒಂದೇ ಸಿರಿಂಜ್ ಹಿಡಿದರೆ ಒಬ್ಬನದು ನಾಲ್ವರಿಗೂ ಅಂಟಬಹುದು. ಸಿರಿಂಜಿನಲ್ಲಿ ಉಳಿದ ರಕ್ತದಲ್ಲಿ ಈ ವೈರಸ್ ವಾರಗಟ್ಟಲೆ ಬದುಕಬಲ್ಲದು. ನೀರಾಗ ತೊಳೆದೀನಿ ಅಂದರೆ ಸಾಲದು. ಮದ್ದು ಕರಗಿಸುವ ಚಮಚ, ಅರಳೆ ಹಂಚಿಕೊಂಡರೂ ಅಪಾಯವೇ. (ಚಟವಿಲ್ಲದವರಿಗೂ ಒಂದು ಮಾತು: ‘ಸೂಜಿ ಮಾಡ್ರಿ ಸಾಹೇಬ್ರ’ ಎಂದು ತೋಳು ಚಾಚುವ ಮೊದಲು ಹೊಸ ಪಾಕೀಟು ಒಡೆದರೋ ಇಲ್ಲವೋ ನೋಡಿಕೊಳ್ಳಿರಿ.)

ನಮ್ಮ ಊರಾಗ ಅಂಥವರು ಎಲ್ಲಿ ಅದಾರ್ರೀ ಅನ್ನಬೇಡಿರಿ. ಚಟದವನು ಹಣೆಯ ಮೇಲೆ ಬರಕೊಂಡು ತಿರುಗುವುದಿಲ್ಲ. ಪಂಜಾಬಿನಲ್ಲಿ ರೋಗ ಹಬ್ಬಿ, 2016ರಲ್ಲಿ ಅಲ್ಲಿನ ಸರ್ಕಾರವೇ ಪುಕ್ಕಟೆ ಔಷಧ ಹಂಚಲು ನಿಂತಿತು.

ಔಷಧದ ಕಥೆಯೂ ಕೇಳತಕ್ಕದ್ದೇ. 2013ರಲ್ಲಿ ಅಮೆರಿಕದಲ್ಲಿ ಸೋಫೋಸ್‌ಬುವಿರ್ ಬಂದಾಗ ಒಂದು ಗುಳಿಗೆಗೆ ಸಾವಿರ ಡಾಲರ್! ಮರುವರ್ಷ ಭಾರತದ ಕಂಪನಿಗಳಿಗೆ ತಯಾರಿಕೆಯ ಪರವಾನಗಿ ಸಿಕ್ಕಿತು. ಅದರಲ್ಲಿ ಬೆಂಗಳೂರಿನ ಸ್ಟ್ರೈಡ್ಸ್ ಕೂಡ ಒಂದು. ಬೆಲೆ ನೆಲಕ್ಕಿಳಿಯಿತು. 2018ರ ಜುಲೈ 28ರಂದು ಕೇಂದ್ರದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮ ಶುರುವಾದ ಮೇಲೆ ಅದರಡಿ ಪರೀಕ್ಷೆಯೂ ಗುಳಿಗೆಯೂ ಪುಕ್ಕಟೆ. ಲಕ್ಷ್ಮೇಶ್ವರ, ಮುಂಡರಗಿಯವರು ಗದಗಿನ ಜಿಮ್ಸ್ ಆಸ್ಪತ್ರೆಯಲ್ಲಿ ವಿಚಾರಿಸಬಹುದು.

ಮೊದಲ ರಕ್ತಪರೀಕ್ಷೆಯಲ್ಲಿ ‘ಪಾಸಿಟಿವ್’ ಬಂದರೆ ಎದೆ ಒಡೆದುಕೊಳ್ಳಬೇಡಿರಿ. ಹಿಂದೆಂದೋ ಸೋಂಕು ತಗುಲಿ ತಾನೇ ಹೋಗಿದ್ದರೂ ಹಾಗೆ ತೋರಿಸುತ್ತದೆ. ವೈರಸ್ ಈಗಲೂ ಇದೆಯೋ ಎಂಬುದನ್ನು ಎರಡನೆಯ ಪರೀಕ್ಷೆ ಹೇಳಬೇಕು. ಇದ್ದರೆ ಸಾಮಾನ್ಯವಾಗಿ 12 ವಾರ, ದಿನಾ ಗುಳಿಗೆ. ನೂರರಲ್ಲಿ 95 ಮಂದಿ ಗುಣ. ಆದರೆ ಲಸಿಕೆ ಇಲ್ಲ. ಗುಣವಾದವನು ಮತ್ತೆ ಇನ್ನೊಬ್ಬನ ಸೂಜಿ ಹಿಡಿದರೆ ಮತ್ತೆ ಬಂದೀತು.

ಆಸ್ಪತ್ರೆಗೆ ಹೋದರೆ ಪೊಲೀಸರು ಹಿಡಿದಾರು ಎಂಬ ಅಂಜಿಕೆ ಹಲವರಿಗೆ. 1985ರ ಮಾದಕ ವಸ್ತು ಕಾಯ್ದೆಯ 64ಎ ಕಲಮು ಓದಿರಿ: ಸೇವನೆ ಅಥವಾ ಅಲ್ಪ ಪ್ರಮಾಣದ ಪ್ರಕರಣದ ವ್ಯಸನಿ ತಾನಾಗಿ ಬಂದು, ಸರ್ಕಾರ ಮಾನ್ಯ ಮಾಡಿದ ಕಡೆ ಚಟ ಬಿಡಿಸುವ ಚಿಕಿತ್ಸೆ ಪೂರ್ತಿ ಪಡೆದರೆ ಖಟ್ಲೆಯಿಂದ ವಿನಾಯಿತಿ ಇದೆ.

ಇನ್ನು ಔಷಧ ಅಂಗಡಿಯ ಮಾಲೀಕರಿಗೆ. ಹೊಸ ಸಿರಿಂಜ್ ಕೇಳಿದ ಹುಡುಗನನ್ನು ಬೈದು ಕಳಿಸಿದರೆ ಅವನು ಚಟ ಬಿಡುವುದಿಲ್ಲ, ಗೆಳೆಯನ ಹಳೆಯದನ್ನು ಹುಡುಕುತ್ತಾನೆ. ಕೊಡುವಾಗ ಒಂದು ಚೀಟಿಯಲ್ಲಿ 14446 ಎಂದು ಬರೆದುಕೊಡಿರಿ. ಚಟ ಬಿಡಿಸುವ ಸಹಾಯವಾಣಿ ಅದು, ಕರೆಗೆ ದುಡ್ಡಿಲ್ಲ.