ನಾಲ್ಕು ಕಂಠ, ನಾಲ್ಕು ದುಡಿ

ಹುತ್ತರಿಯ ಬೆಳುದಿಂಗಳು ಗದ್ದೆಬಯಲಿನ ಮೇಲೆ ಹಾಲು ಚೆಲ್ಲಿದಂತೆ ಹರಡಿರುತ್ತದೆ. ಹೊಸ ಕದಿರು ಮನೆಯನ್ನು ಸೇರಿದೆ. ಐನ್‌ಮನೆಯ ನೆಲ್ಲಕ್ಕಿ ನಡುಬಾಡೆಯಲ್ಲಿ ತೂಗುದೀಪ ಬೆಳಗುತ್ತಿದೆ. ಆ ದೀಪದ ಎದುರು, ಕರಿಯ ಕುಪ್ಯ ತೊಟ್ಟು ಕೆಂಪು ಚೇಲೆ ಕಟ್ಟಿದ ನಾಲ್ವರು ಗಂಡಸರು ನಿಂತಿದ್ದಾರೆ. ಎಲ್ಲರ ಎಡಗೈಯಲ್ಲೂ ನಡು ಸಣ್ಣಗಾದ ಪುಟ್ಟ ದುಡಿ, ಬಲಗೈಯಲ್ಲಿ ತೆಳುವಾದ ಕೋಲು. ದುಡಿ ನುಡಿಯುತ್ತದೆ. ಅದರೊಡನೆ ಹಾಡು ಏಳುತ್ತದೆ. ಕೊಡಗಿನವರು ಇದನ್ನು 'ಬಾಳೊ ಪಾಟ್' ಎನ್ನುತ್ತಾರೆ. 'ಬಾಳು' ಎಂಬ ಹರಕೆಯ ಮಾತೇ ಹಾಡಿಗೆ ಹೆಸರಾಗಿದೆ.

ಮೇಳಗಾನವೆಂದೊಡನೆ ಲೋಕದ ಸಂಗೀತರಸಿಕರಿಗೆ ನೆನಪಾಗುವ ನಾಡು ಬ್ರಿಟನ್ನಿನ ಪಶ್ಚಿಮದಲ್ಲಿರುವ ವೇಲ್ಸ್. ಅದೂ ಕೊಡಗಿನಂತೆಯೇ ಗುಡ್ಡಗಾಡು. ದೊಡ್ಡ ಭಾಷೆಯೊಂದರ ನೆರೆಯಲ್ಲಿ ತನ್ನದೇ ನುಡಿಯನ್ನು ಉಳಿಸಿಕೊಂಡು ಬಂದ ಚಿಕ್ಕ ನಾಡು. ಅಲ್ಲಿನ ಗಣಿಕಾರ್ಮಿಕರೂ ಕಬ್ಬಿಣದ ಕೆಲಸಗಾರರೂ ನಮ್ಮ 'ಸರಿಗಮ'ವನ್ನು ಹೋಲುವ ಅಕ್ಷರಲಿಪಿಯಿಂದ ರಾಗವನ್ನು ಓದಲು ಕಲಿತರು. ಸಂಜೆ ಪ್ರಾರ್ಥನಾಮಂದಿರಗಳಲ್ಲಿ ಕೂಡಿ ಅಭ್ಯಾಸ ಮಾಡಿದರು. 1872 ಮತ್ತು 1873ರಲ್ಲಿ, 'ಕ್ಯಾರಡಾಗ್' ಎಂದು ಖ್ಯಾತನಾದ ಗ್ರಿಫಿತ್ ರೀಸ್ ಜೋನ್ಸ್ ಎಂಬ ಕಮ್ಮಾರನ ನೇತೃತ್ವದಲ್ಲಿ ನಾನೂರಕ್ಕೂ ಮಿಕ್ಕ ಗಾಯಕರು ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನ ಸ್ಪರ್ಧೆಯಲ್ಲಿ ಗೆದ್ದು ಬಂದರು. ಕೆಥೀಡ್ರಲುಗಳ ಎತ್ತರದ ಕಮಾನುಗಳ ಕೆಳಗೆ ವೇಲ್ಸಿನ ಮೇಳಗಳು ಹಾಡುವುದನ್ನು ಕೇಳಲು ಇಂದಿಗೂ ಜನ ನೆರೆಯುತ್ತಾರೆ.

ಕೊಡಗಿನ ಮೇಳಕ್ಕೆ ನಾನೂರು ಮಂದಿ ಬೇಕಿಲ್ಲ, ನಾಲ್ವರು ಸಾಕು. ವೇಲ್ಸಿನ ಮೇಳದಲ್ಲಿ ಉಚ್ಚ, ಮಧ್ಯ, ಮಂದ್ರ ಸ್ವರಗಳು ಒಂದರೊಡನೊಂದು ಹೆಣೆದುಕೊಂಡು ಏಕಕಾಲಕ್ಕೆ ಮೊಳಗುತ್ತವೆ. ಇಲ್ಲಿ ಧಾಟಿ ಒಂದೇ. ಕಂಠಗಳು ಮಾತ್ರ ಎರಡು ಜೋಡಿ. ಒಂದು ಜೋಡಿ ಹಾಡಿದ್ದನ್ನು ಇನ್ನೊಂದು ಜೋಡಿ ಎತ್ತಿಕೊಳ್ಳುತ್ತದೆ. ಈ ಕ್ರಮದಲ್ಲಿ ಸೊಗಸಷ್ಟೇ ಅಲ್ಲ, ಜಾಣತನವೂ ಇದೆ. ಎರಡನೆಯ ಜೋಡಿ ಹಾಡುತ್ತಿರುವಷ್ಟು ಹೊತ್ತು ಮೊದಲನೆಯವರಿಗೆ ಉಸಿರು ತಿರುಗಿಸಿಕೊಳ್ಳಲು, ಮುಂದಿನ ಸಾಲನ್ನು ನೆನೆಯಲು ಬಿಡುವು ದೊರೆಯುತ್ತದೆ. ಪುಸ್ತಕವಿಲ್ಲದೆ ಗಂಟೆಗಟ್ಟಲೆ ಸಾಗುವ ಕಥನಗೀತಕ್ಕೆ ಇಂಥ ಆಸರೆ ಬೇಕೇ ಬೇಕು.

ಕೊಡವರ ಬಾಳಿನಲ್ಲಿ ಈ ಹಾಡಿಲ್ಲದ ಘಟ್ಟವಿಲ್ಲ. ಮದುವೆಯಲ್ಲಿ ಹರಕೆಯಾಗಿ, ಹಬ್ಬದಲ್ಲಿ ಹಿಗ್ಗಾಗಿ, ದೇವರ ಮುಂದೆ ಸ್ತುತಿಯಾಗಿ ಅದು ಕೇಳಿಬರುತ್ತದೆ. ಹುತ್ತರಿ ಕಳೆದ ಮೇಲೆ ಹಾಡುಗಾರರು ಮನೆಮನೆಗೆ ಹೋಗಿ ಆಯಾ ಮನೆತನವನ್ನು ಹೊಗಳಿ ಹಾಡುವುದು ಪದ್ಧತಿ. ಸಾವಿನ ಮನೆಯಲ್ಲಿಯೂ ಇದೇ ದುಡಿ, ಇದೇ ಕಂಠ. ಆದರೆ ಹಾಡು ತೀರಿಹೋದವರ ಬದುಕನ್ನು ನೆನೆದು ಅಳುತ್ತದೆ. ಆದ್ದರಿಂದ ಒಳ್ಳೆಯ ಹಾಡುಗಾರನಿಗೆ ಹಳೆಯ ಸಾಲುಗಳು ಬಂದರೆ ಸಾಲದು. ಸಂದರ್ಭಕ್ಕೆ ತಕ್ಕಂತೆ ಮಾತು ಹೊಂದಿಸುವ ಶಕ್ತಿಯೂ ಇರಬೇಕು.

ಬಾಯಿಯಿಂದ ಬಾಯಿಗೆ ಹರಿದುಬಂದ ಈ ಸಂಪತ್ತನ್ನು ಕಾಗದಕ್ಕಿಳಿಸಿದ ಪುಣ್ಯ ನಡಿಕೇರಿಯಂಡ ಚಿಣ್ಣಪ್ಪನವರದು. 1875ರಲ್ಲಿ ಜನಿಸಿದ ಅವರು ಪೊಲೀಸ್ ಇಲಾಖೆಯಲ್ಲಿ ಸೇವೆ ಸಲ್ಲಿಸಿದವರು, ಜೊತೆಗೆ ಕವಿಗಳು. ಭಗವದ್ಗೀತೆಯನ್ನೂ ಕೊಡವ ನುಡಿಗೆ ತಂದವರು. ಅವರು ಸಂಗ್ರಹಿಸಿದ ಹಾಡು, ಗಾದೆ, ಆಚಾರವಿಚಾರಗಳು ಕನ್ನಡ ಲಿಪಿಯಲ್ಲಿ 'ಪಟ್ಟೋಲೆ ಪಳಮೆ' ಎಂಬ ಗ್ರಂಥವಾಗಿ 1924ರಲ್ಲಿ ಪ್ರಕಟವಾದವು. ಗ್ರಂಥದ ಬಹುಭಾಗ ಹಾಡುಗಳೇ. 1931ರಲ್ಲಿ ಚಿಣ್ಣಪ್ಪನವರು ತೀರಿಕೊಂಡರು. 2003ರಲ್ಲಿ ಅವರ ಮೊಮ್ಮಕ್ಕಳಾದ ಬೋವೇರಿಯಂಡ ನಂಜಮ್ಮ ಮತ್ತು ಚಿಣ್ಣಪ್ಪ ದಂಪತಿಗಳು ಅದನ್ನು ಇಂಗ್ಲಿಷಿಗೆ ಅನುವಾದಿಸಿ ಹೊರನಾಡಿಗರ ಕೈಗೂ ಎಟುಕಿಸಿದರು.

ಒಂದು ಪುಸ್ತಕ ಒಂದು ನುಡಿಗೆ ಎಷ್ಟರ ಆಸರೆಯಾಗಬಲ್ಲದೆಂಬುದಕ್ಕೆ ವೇಲ್ಸೇ ಸಾಕ್ಷಿ. 1588ರಲ್ಲಿ ವಿಲಿಯಂ ಮಾರ್ಗನ್ ಸಂಪೂರ್ಣ ಬೈಬಲನ್ನು ವೆಲ್ಷ್ ಭಾಷೆಗೆ ತಂದನು. ಆ ನುಡಿ ಬಡವರ ನಾಲಗೆಯಲ್ಲಿ ಉಳಿದದ್ದಕ್ಕೆ ಆ ಗ್ರಂಥವೂ ಒಂದು ಕಾರಣ. ಆದರೆ ಗ್ರಂಥವೊಂದೇ ಉಳಿಸಲಿಲ್ಲ. ವಾರವಾರವೂ ಜನ ಕೂಡಿ ಅದನ್ನು ಓದಿದರು, ಹಾಡಿದರು.

ಕೊಡಗಿನ ಮುಂದಿರುವ ಪ್ರಶ್ನೆಯೂ ಇದೇ. 2001ರ ಜನಗಣತಿಯಲ್ಲಿ ಕೊಡವ ನುಡಿಯನ್ನು ತಾಯ್ನುಡಿಯೆಂದು ಬರೆಸಿದವರು ಸುಮಾರು 1 ಲಕ್ಷ 66 ಸಾವಿರ. 2011ರಲ್ಲಿ ಅದು ಸುಮಾರು 1 ಲಕ್ಷ 14 ಸಾವಿರಕ್ಕಿಳಿಯಿತು. ಯುನೆಸ್ಕೋ ಸಂಸ್ಥೆ ಅದನ್ನು ಅಪಾಯದಲ್ಲಿರುವ ನುಡಿಗಳ ಪಟ್ಟಿಗೆ ಸೇರಿಸಿದೆ. 1994ರಲ್ಲಿ ಸ್ಥಾಪಿತವಾದ ಕೊಡವ ಸಾಹಿತ್ಯ ಅಕಾಡೆಮಿ ಮಡಿಕೇರಿಯಲ್ಲಿ ಕೆಲಸ ಮಾಡುತ್ತಿದೆ. ಆದರೂ ಉದ್ಯೋಗಕ್ಕಾಗಿ ಬೆಂಗಳೂರು, ಮೈಸೂರು, ಅದರಾಚೆಗೂ ಹೋದ ಮನೆಗಳಲ್ಲಿ ಮಗು ಅಜ್ಜನ ಹಾಡನ್ನು ಕೇಳಿ ತಲೆದೂಗೀತು. ಅರ್ಥ ಕೇಳಿದರೆ ತಂದೆಯೇ ತಡವರಿಸಿಯಾನು.

ಪುಸ್ತಕ ಸಾಲುಗಳನ್ನು ಕಾಪಾಡುತ್ತದೆ. ಧಾಟಿಯನ್ನು, ದುಡಿಯ ಪೆಟ್ಟನ್ನು, ಉಸಿರು ನಿಲ್ಲುವ ಎಡೆಯನ್ನು ಕಂಠವೇ ಕಂಠಕ್ಕೆ ಕಲಿಸಬೇಕು. ಬಾಳೊ ಪಾಟನ್ನು ಒಬ್ಬನೇ ಹಾಡಲಾಗದು. ಮೊದಲ ಜೋಡಿ ಸಾಲನ್ನು ಹಾಡಿ ಮುಗಿಸಿದಾಗ ಅದನ್ನು ಎತ್ತಿಕೊಳ್ಳಲು ಎದುರಿಗೆ ಇನ್ನಿಬ್ಬರು ನಿಂತಿರಬೇಕು. ಮುಂದಿನ ಹುತ್ತರಿಯ ರಾತ್ರಿ ಆ ಇಬ್ಬರು ಎಳೆಯರಾಗಿದ್ದರೆ, ನೆಲ್ಲಕ್ಕಿಯ ದೀಪಕ್ಕೆ ಅದಕ್ಕಿಂತ ಮಿಗಿಲಾದ ಎಣ್ಣೆ ಬೇಕಿಲ್ಲ.